ಹುತ್ತರಿಯಿಂದ ಹೂಮಳೆಯವರೆಗೆ

ಗಾಳಿಬೀಡು
18 ಡಿಸೆಂಬರ್ 2024

ಪ್ರಿಯ ಸಣ್ಣಸ್ವಾಮಿ,

ಮುದಿ ಸೈಲೆನ್ಸರ್ ಸಂಘದ ವಾರ್ಷಿಕ ಮಹಾಸಭೆ ಹುತ್ತರಿ ಹಬ್ಬ ಕಳೆದ ಮೊದಲ ಭಾನುವಾರ, ವಾಡಿಕೆಯಂತೆ ಮಡಿಕೇರಿಯ ಹೋಟೆಲಿನ ಮೂಲೆ ಮೇಜಿನಲ್ಲಿ ನಡೆಯಿತು. ನೀನೂ ಅಲ್ಲೇ ಇದ್ದೆ. ಆದರೂ ನಡಾವಳಿ ಬರೆದು ಕಳಿಸುವುದು ಅಧ್ಯಕ್ಷನ ಕರ್ತವ್ಯ, ಓದುವುದು ಕಾರ್ಯದರ್ಶಿಯ ಕರ್ಮ. ಹಾಜರಿದ್ದವರು ಇಬ್ಬರು. ಗೈರುಹಾಜರಾದವರು ಒಬ್ಬರು. ಮೂರನೇ ಕುರ್ಚಿಯ ಮೇಲೆ ನಿನ್ನ ಚೀಲ ಇಟ್ಟಿದ್ದೆ. ಮಾಣಿ ಬಂದು ಅದನ್ನು ತೆಗೆದು ಬೇರೆಯವರನ್ನು ಕೂರಿಸಲೇ ಎಂದು ಕೇಳಿದಾಗ ನಾವಿಬ್ಬರೂ ಒಟ್ಟಿಗೇ ಬೇಡ ಎಂದೆವು. ಸಭೆಯಲ್ಲಿ ಸರ್ವಾನುಮತದಿಂದ ಆದ ತೀರ್ಮಾನ ಅದೊಂದೇ.

ನಿಯಮಗಳನ್ನು ಓದಿ ಹೇಳಿದೆ. ಹುತ್ತರಿಯಿಂದ ಹೂಮಳೆಯವರೆಗೆ, ಅಂದರೆ ಕಾಫಿ ಪಿಕಿಂಗ್ ಶುರುವಾಗಿ, ಗಿಡಕ್ಕೆ ಹೂ ತರುವ ಮಳೆಗೆ ಮೊದಲು ಕೊನೆಯ ಮೂಟೆ ಕಣ ಬಿಟ್ಟು ಹೋಗುವ ತನಕ, ಯಾರ ಬೈಕೂ ಗೇಟು ದಾಟಬಾರದು. ಬೇರೆ ಊರಿನವರು ಮಳೆಗೋ ಹಿಮಕ್ಕೋ ಹೆದರಿ ಗಾಡಿ ಮುಚ್ಚಿಡುತ್ತಾರೆ. ನಾವು ವರ್ಷದಲ್ಲೇ ಚೆಂದದ ಬಿಸಿಲಿರುವ ಮೂರು ತಿಂಗಳು ಮುಚ್ಚಿಡುತ್ತೇವೆ. ಬೆಂಗಳೂರಿನವರು ಜಾಕೆಟ್ಟು ಹಾಕಿಕೊಂಡು ಸಾಲಾಗಿ ಮಾಂದಲಪಟ್ಟಿಗೆ ಹೋಗುವುದನ್ನು ಕಣದಲ್ಲಿ ಕಾಫಿ ಹರಡುತ್ತಾ ನೋಡಬೇಕು. ದೇವರು ಹಲ್ಲು ಕೊಟ್ಟಾಗ ಕಡಲೆ ಕೊಡಲಿಲ್ಲ ಅನ್ನುತ್ತಾರಲ್ಲ, ನಮಗೆ ಎರಡನ್ನೂ ಕೊಟ್ಟು ಬಾಯಿ ಕಟ್ಟಿದ.

ಆಮೇಲೆ ಕೀ ಹಸ್ತಾಂತರ. ಬಸ್ಸಿನಲ್ಲಿ ಬಂದು, ಬೈಕಿನ ಕೀ ಕೊಟ್ಟು, ಬಸ್ಸಿನಲ್ಲೇ ವಾಪಸು ಹೋಗುವ ಬೈಕ್ ಸಂಘ ಲೋಕದಲ್ಲಿ ಇನ್ನೊಂದು ಇರಲಾರದು. ಮೂವರಿದ್ದಾಗ ಕೀಗಳು ಒಂದು ಸುತ್ತು ಹಾಕುತ್ತಿದ್ದವು. ನನ್ನದು ನಿನಗೆ, ನಿನ್ನದು ಮೊಣ್ಣಪ್ಪನಿಗೆ, ಮೊಣ್ಣಪ್ಪನದು ನನಗೆ. ಯಾರಿಗೂ ಆಸೆ ತಡೆಯಲಾರದೆ ಕಳ್ಳತನದಲ್ಲಿ ಹೊರಡಲು ದಾರಿಯೇ ಇರಲಿಲ್ಲ. ಈ ಸಲ ನಿನ್ನದು ನನಗೆ, ನನ್ನದು ನಿನಗೆ. ಅರ್ಧ ನಿಮಿಷದಲ್ಲಿ ಮುಗಿದುಹೋಯಿತು.

ಮನೆಗೆ ಬಂದು ನಿನ್ನ ಕೀಯನ್ನು ಕ್ಯಾಲೆಂಡರಿನ ಪಕ್ಕದ ಮೊಳೆಗೆ ಹಾಕಲು ಹೋದೆ. ಅಲ್ಲಿ ಮೊಣ್ಣಪ್ಪನ ಬುಲೆಟ್ಟಿನ ಕೀ ಇನ್ನೂ ಇದೆ. ಹೋದ ಹುತ್ತರಿಯಲ್ಲಿ ಅವನೇ ಕೊಟ್ಟದ್ದು. ಅವನು ತೀರಿಕೊಂಡು ಜನವರಿ ಹದಿನೇಳಕ್ಕೆ ವರ್ಷವಾಗುತ್ತದೆ. ನಿನ್ನದಕ್ಕೆ ಬೇರೆ ಮೊಳೆ ಹೊಡೆದೆ.

ಭಾನುವಾರದ ವ್ಯಾಯಾಮ ಮಾತ್ರ ಬಿಟ್ಟಿಲ್ಲ. ಯೆಜ್ಡಿಯನ್ನು ಕಣಕ್ಕೆ ತಳ್ಳಿ, ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ಟು ಹಾಕಿಕೊಂಡು ಕಾಲು ಗಂಟೆ ಕೂರುತ್ತೇನೆ. ನಮ್ಮವಳು ಯಮುನ ಮೊರದಲ್ಲಿ ಕಾಫಿ ಕೇರುತ್ತಾ ಕೇಳುತ್ತಾಳೆ, "ಎಂತ, ಇಂದ್ ಎಲ್ಲಿವರೆಗೆ ಹೋದ್ರಿ? ವಾಪಸ್ ಬಾಕನ ಸಕ್ಕರೆ ತಕಂಡ್ ಬನ್ನಿ."

ಇನ್ನು ಕಾಗದದ ಸವಾರಿ, ಗಾಡಿ ಮುಚ್ಚಿಟ್ಟ ತಿಂಗಳುಗಳಲ್ಲಿ ಬರೆದುಕೊಂಡೇ ಹೋಗುವುದು. ಈ ವರ್ಷ ಬಿಸಿಲೆ ಘಾಟಿಗೆ. ಬೆಳಿಗ್ಗೆ ಆರಕ್ಕೆ ಮಡಿಕೇರಿ ಬಿಟ್ಟೆ. ಮಂಜು. ಮಕ್ಕಂದೂರಿನಲ್ಲಿ ಕನ್ನಡಕ ಒರೆಸಿಕೊಂಡೆ. ಮಾದಾಪುರದ ಕೂಡುರಸ್ತೆಯಲ್ಲಿ ನಿನಗಾಗಿ ನಿಂತಿದ್ದೇನೆ. ಮುಂದಿನದು ನೀನು ಬರೆ. ನಿಯಮದ ಪ್ರಕಾರ ಫೋನು ಮದುವೆಗೆ ಮತ್ತು ಸಾವಿಗೆ ಮಾತ್ರ.

ಇಂತು ನಿನ್ನ,
ಕೂಸಪ್ಪ


ಸೋಮವಾರಪೇಟೆ
29 ಡಿಸೆಂಬರ್ 2024

ಕೂಸಪ್ಪಣ್ಣ,

ನಡಾವಳಿ ತಲುಪಿತು, ಕಾರ್ಯದರ್ಶಿಯಿಂದ ಅಂಗೀಕೃತವಾಯಿತು. ಇಲ್ಲಿ ಅರೇಬಿಕಾ ಮುಗಿಯುತ್ತಾ ಬಂತು, ರೊಬಸ್ಟಾ ಹಣ್ಣಾಗುತ್ತಿದೆ, ಆಳು ಮಾತ್ರ ಸಿಗುತ್ತಿಲ್ಲ. ಸಂತೆ ದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೆಂಗಸರನ್ನು ಮಾತಾಡಿಸಿ ಕರೆಯುವಷ್ಟು ನಾಚಿಕೆ ಬಿಟ್ಟಿದ್ದೇನೆ.

ನನ್ನ ಆರ್‌ಎಕ್ಸ್‌ಗೆ ಕಂಬಳಿ ಹೊದಿಸಿದ್ದೇನೆ. ಸೈಲೆನ್ಸರಿನ ಬಾಯಿಗೆ ಗೋಣಿ ಚಿಂದಿ ತುರುಕಿದ್ದೇನೆ, ಕಣಜ ಗೂಡು ಕಟ್ಟಬಾರದಲ್ಲ. ನಮ್ಮವಳು ನೋಡಿ, "ನನ್ ಮಂಡಿನೋವಿಗೆ ಒಂದು ಎಣ್ಣೆ ತರಾಕೆ ಪುರುಸೊತ್ತಿಲ್ಲ, ಗಾಡಿಗೆ ಕಂಬ್ಳಿ ಬೇರೆ" ಅಂದಳು. ಎಣ್ಣೆ ತಂದೆ. ಅರ್ಧ ಅವಳ ಮಂಡಿಗೆ, ಅರ್ಧ ಚೈನಿಗೆ.

ಮಾದಾಪುರಕ್ಕೆ ಬಂದೆ. ನೀನು ನಿಂತಿದ್ದೀಯ. ನಾನೂ ನಿಂತೆ. ಇಲ್ಲಿಂದ ಮುಂದೆ ಯಾರು ಹೋಗುವುದು? ಯಾವಾಗಲೂ ಮೊಣ್ಣಪ್ಪಣ್ಣನ ಬುಲೆಟ್ಟು ಮುಂದೆ ಇರುತ್ತಿತ್ತು, ನಾವು ಅದರ ಹೊಗೆ ಕುಡಿದುಕೊಂಡು ಹಿಂದೆ. ಎರಡು ಸಲ ಬರೆದು ಹರಿದುಹಾಕಿದೆ. ಕಾಗದದ ಮೇಲೂ ನನಗೆ ಮುಂದೆ ಹೋಗಲು ಆಗಲಿಲ್ಲ. ಅವನ ಹಾಗೆ ಬರೆಯಲು ನಮಗೆ ಬರುವುದೂ ಇಲ್ಲ ಬಿಡು. ಚೆಟ್ಟಳ್ಳಿಯ ಕಣದಲ್ಲಿ ಕೂತುಕೊಂಡೇ ಸಿದ್ದಾಪುರ ರಸ್ತೆಯಲ್ಲಿ ಯಾವ ಹೊಂಡ ಮುಚ್ಚಿದ್ದಾರೆ, ಯಾವುದು ಹಾಗೇ ಇದೆ ಅಂತ ಬರೆಯುತ್ತಿದ್ದ. ನೀನು ಆ ಕಾಗದಗಳನ್ನು ಓದಿ ಓದಿ ತಲೆದೂಗುತ್ತಿದ್ದೆ. ಅಂಥ ಕಲ್ಪನೆ ನಮಗೆಲ್ಲಿಂದ ಬರಬೇಕು.

ಇನ್ನೊಂದು ವಿಷಯ. ಮೊನ್ನೆ ಕುಶಾಲನಗರದಲ್ಲಿ ಒಂದು ಮದುವೆ. ಮೊಣ್ಣಪ್ಪಣ್ಣನ ಮನೆಯವರು, ಆಶಾರಾಣಿಯವರು ಬಂದಿದ್ದರು. ತಿಥಿ ಕಳೆದ ಮೇಲೆ ಅವರನ್ನು ನೋಡಿದ್ದು ಇದೇ ಮೊದಲು. ತೋಟ ಅವರೇ ನೋಡಿಕೊಳ್ಳುತ್ತಿದ್ದಾರೆ, ಆಳುಗಳ ಲೆಕ್ಕ ಬರೆಯುವ ರೈಟರ್ ಮಾದ ಜೊತೆಗಿದ್ದಾನೆ. ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೇ ಬಂದು ನಿಂತು, "ನಮ್ಮ ಗಾಡಿಯ ಕೀ ನಿಮ್ಮಿಬ್ಬರಲ್ಲಿ ಯಾರ ಹತ್ತಿರ ಇದೆ?" ಅಂತ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಜೇಬು ಮುಟ್ಟಿ ನೋಡಿಕೊಂಡೆ. ಗೊತ್ತಿಲ್ಲ ಅಂದೆ. ಅವರು ಪಾಯಸದ ಕಡೆ ಹೋದರು.

ಸುಳ್ಳು ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಗಾಡಿ ಮಾರುವ ಯೋಚನೆ ಇರಬಹುದು. ನೀನು ಹೋಗಿ ಕೊಟ್ಟು ಬಾ.

ನಿನ್ನ,
ಸಣ್ಣಸ್ವಾಮಿ


ಗಾಳಿಬೀಡು
6 ಜನವರಿ 2025

ಪ್ರಿಯ ಸಣ್ಣಸ್ವಾಮಿ,

ಮಾದಾಪುರದಲ್ಲಿ ಎರಡನೇ ಕಾಫಿ ಕುಡಿಯುತ್ತಿದ್ದೇವೆ. ಮಂಜು ಕರಗಿಲ್ಲ. ನಿನ್ನ ಗಾಡಿಯ ಪ್ಲಗ್ಗು ಸ್ವಲ್ಪ ನೋಡಿಕೋ, ಕಪ್ಪು ಹೊಗೆ ಬರುತ್ತಿದೆ. ಹೊರಡಲು ಅವಸರವಿಲ್ಲ.

ಇಲ್ಲಿ ಕಣ ತುಂಬಿದೆ. ಹಗಲಿಗೆ ನಾಲ್ಕು ಸಲ ತಿರುವಬೇಕು. ಸೊಂಟ ಹಿಡಿದಿದೆ. ಮಗಳು ಸಿಂಚನಾ ರಜೆಗೆ ಬಂದಿದ್ದವಳು ನಾನು ಸ್ಟ್ಯಾಂಡ್ ಹಾಕಿದ ಬೈಕಿನ ಮೇಲೆ ಕೂತದ್ದನ್ನು ವಿಡಿಯೋ ಮಾಡಿ ಗೆಳತಿಯರಿಗೆ ಕಳಿಸಿದಳಂತೆ. ಎಲ್ಲರೂ ನಕ್ಕರಂತೆ. ನಗಲಿ.

ಕೀ ವಿಷಯ ಓದಿದೆ. ಪಿಕಿಂಗ್ ಮುಗಿಯಲಿ, ನೋಡೋಣ.

ಕೂಸಪ್ಪ


ಸೋಮವಾರಪೇಟೆ
13 ಜನವರಿ 2025

ಕೂಸಪ್ಪಣ್ಣ,

ನೋಡೋಣ ಅನ್ನುವುದಕ್ಕೆ ಅದು ಹುಡುಗನ ಜಾತಕವಲ್ಲ, ಗಾಡಿಯ ಕೀ. ಬಸ್ಸು ಹತ್ತಿದರೆ ಗಾಳಿಬೀಡಿನಿಂದ ಚೆಟ್ಟಳ್ಳಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸು ಬರಬಹುದು.

ನನ್ನ ಕೀ ಮೊಣ್ಣಪ್ಪಣ್ಣನ ಹತ್ತಿರ ಇತ್ತಲ್ಲ, ಹೋದ ಮಾರ್ಚಿನಲ್ಲಿ ಆಶಾರಾಣಿಯವರು ಅದನ್ನು ಲಕೋಟೆಯಲ್ಲಿ ಹಾಕಿ ಮಾದನ ಕೈಯಲ್ಲಿ ಕಳಿಸಿದರು. ಒಳಗೆ ಒಂದು ಸಾಲಿನ ಕಾಗದವೂ ಇರಲಿಲ್ಲ. ಅಷ್ಟು ದುಃಖದಲ್ಲೂ ಆ ಹೆಂಗಸಿಗೆ ನೆನಪಿತ್ತು. ನಿನಗೆ ವರ್ಷವಾದರೂ ನೆನಪಾಗಲಿಲ್ಲ ಅಂದರೆ ನಾನು ನಂಬುವುದಿಲ್ಲ.

ನೀನು ತಿಥಿಗೂ ಬರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದೆ. ಸಿದ್ದಾಪುರಕ್ಕೆ ಹೋಗುವಾಗ ಚೆಟ್ಟಳ್ಳಿ ದಾರಿ ಬಿಟ್ಟು ಸುತ್ತಿಕೊಂಡು ಹೋಗುತ್ತೀಯಂತೆ, ಬಸ್ಸಿನವರು ಹೇಳಿದರು. ಹೋದ ವರ್ಷ ಹೂಮಳೆ ಬಂದ ಮೇಲೆ ನಾವಿಬ್ಬರು ಹೊರಟದ್ದು ಎಷ್ಟು ಸಲ? ಒಂದು. ಅದೂ ಕುಶಾಲನಗರದ ಪೆಟ್ರೋಲ್ ಬಂಕಿನ ತನಕ. ನಾನು ಕಾರ್ಯದರ್ಶಿ, ಲೆಕ್ಕ ಇಟ್ಟಿದ್ದೇನೆ.

ಏನು ನಡೆದಿದೆ, ಹೇಳು. ಇಲ್ಲದಿದ್ದರೆ ಕೀ ನಿನ್ನ ಹತ್ತಿರ ಇದೆ ಅಂತ ನಾನೇ ಅವರಿಗೆ ಹೇಳುತ್ತೇನೆ. ಮಾದಾಪುರದಲ್ಲಿ ಕಾಫಿ ಕುಡಿದು ಕುಡಿದು ನನಗೆ ಸಾಕಾಗಿದೆ.

ಸಣ್ಣಸ್ವಾಮಿ


ಗಾಳಿಬೀಡು
17 ಜನವರಿ 2025

ಪ್ರಿಯ ಸಣ್ಣಸ್ವಾಮಿ,

ಇವತ್ತು ಹದಿನೇಳು. ಬೆಳಗಿನಿಂದ ಕಣದಲ್ಲೇ ಇದ್ದೆ. ಅವನು ಹೋದ ಹೊತ್ತು, ಹನ್ನೊಂದು ಗಂಟೆ ಆಗುವುದನ್ನು ಕಾದೆ. ಹನ್ನೊಂದಾಯಿತು, ಹನ್ನೆರಡಾಯಿತು, ಊಟಕ್ಕೆ ಕರೆದರು, ಉಂಡೆ. ನನಗೆ ಏನೂ ಅನಿಸಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ವರ್ಷದಿಂದ ಹೀಗೆ. ದೂರ ಹೋಗಿ ಇಳಿದಾಗ ಹ್ಯಾಂಡಲ್ ಹಿಡಿದು ಹಿಡಿದು ಕೈ ಜೋಮು ಹಿಡಿದಿರುತ್ತದಲ್ಲ, ಲೋಟ ಹಿಡಿದರೂ ಬಿಸಿ ತಿಳಿಯುವುದಿಲ್ಲ, ಹಾಗೆ.

ಹೋದ ವರ್ಷ ನೀನು ಫೋನು ಮಾಡಿದಾಗ ನಾನು ಮೊದಲು ಯಾರ ಮದುವೆ ಅಂತ ಕೇಳಿದೆ. ನಿನಗೆ ನೆನಪಿರಬಹುದು. ಆಮೇಲೆ ಜೀಪು ತೆಗೆದುಕೊಂಡು ಚೆಟ್ಟಳ್ಳಿಗೆ ಹೋದೆ. ನೀನು ಇನ್ನೂ ಬಂದಿರಲಿಲ್ಲ. ಅಂಗಳದಲ್ಲಿ ಜನ. ಆಳುಗಳ ಲೈನು ಮನೆಗಳ ಹೆಂಗಸರು ಒಂದು ಬದಿಗೆ ಕೂತಿದ್ದರು. ರೈಟರ್ ಮಾದ ಯಾರಿಗೋ ಹೇಳುತ್ತಿದ್ದ. ನಾನು ಅವನ ಬೆನ್ನ ಹಿಂದೆ ಇದ್ದೆ.

"ಜೀಪು ಮೂಟೆ ಹಾಕ್ಕೊಂಡು ಕುಶಾಲನಗರಕ್ಕೆ ಹೋಗಿತ್ತು. ಕಾರು ಮಗಳ ಹತ್ರ ಮೈಸೂರಲ್ಲಿ. ಶೆಡ್ಡಲ್ಲಿ ಬೈಕಿತ್ತು ಸಾರ್, ನಂಗೆ ಓಡಿಸೋಕೆ ಬರ್ತದೆ. ಅವ್ರನ್ನ ನಡುವೆ ಕೂರಿಸಿ ಹಿಂದೆ ಒಬ್ರು ಹಿಡ್ಕೊಂಡಿದ್ರೆ ಮಡಿಕೇರಿ ಆಸ್ಪತ್ರೆಗೆ ಮುಟ್ಟಿಸ್ತಿದ್ದೆ. ಓಡ್ ಹೋಗಿ ನೋಡ್ದೆ, ಕೀ ಇರ್ಲಿಲ್ಲ. ರೋಡಿಗೆ ಓಡಿ ಗಾಡಿ ಕರ್ಕೊಂಡ್ ಬರುವಾಗ ಅರ್ಧ ಗಂಟೆ ಆಯ್ತು."

ಕೀ ಎಲ್ಲಿತ್ತು ಎಂದು ಯಾರೋ ಕೇಳಿದರು. ಮಾದ ಗೊತ್ತಿಲ್ಲ ಎಂದ.

ನನಗೆ ಗೊತ್ತಿತ್ತು. ಗಾಳಿಬೀಡಿನಲ್ಲಿ, ಕ್ಯಾಲೆಂಡರಿನ ಪಕ್ಕದ ಮೊಳೆಯಲ್ಲಿ. ಅದನ್ನು ಅಲ್ಲಿ ಹಾಕುವಾಗ ನಾನು ನಕ್ಕಿದ್ದೆ. ಕೊಡುವಾಗ ಅವನೂ ನಕ್ಕಿದ್ದ, "ಅಧ್ಯಕ್ಷರೇ, ಜೈಲಿಗೆ ಹಾಕ್ತಿದ್ದೀರಿ" ಅಂತ.

ಆ ನಿಯಮ ಮಾಡಿದವನು ನಾನು. ನೀನಲ್ಲ, ಅವನೂ ಅಲ್ಲ. ಅವತ್ತು ಮಣ್ಣು ಮಾಡುವಾಗ ಎಲ್ಲರೂ ಅತ್ತರು, ನೀನು ಮಗುವಿನ ಹಾಗೆ ಅತ್ತೆ. ನಾನು ನಿಂತು ನೋಡಿದೆ. ಆಶಾರಾಣಿ ನನ್ನನ್ನು ಒಂದು ಸಲ ನೋಡಿದರು. ಅವರಿಗೆ ಗೊತ್ತಿದೆಯೋ ಇಲ್ಲವೋ ಎಂದು ಒಂದು ವರ್ಷದಿಂದ ಯೋಚಿಸುತ್ತಿದ್ದೇನೆ. ಈಗ ನೀನು ಬರೆದಿದ್ದೀಯ, ಕೀ ಯಾರ ಹತ್ತಿರ ಎಂದು ಕೇಳಿದರಂತೆ. ಕೊಡಲು ಹೋದರೆ ಯಾಕೆ ನಿಮ್ಮ ಹತ್ತಿರ ಇತ್ತು ಎಂದು ಕೇಳುತ್ತಾರೆ. ತಮಾಷೆಗೆ ಎಂದು ಹೇಳಬೇಕು. ಆ ಮಾತು ನನ್ನ ಬಾಯಿಂದ ಹೊರಡುವುದಿಲ್ಲ. ಬಿಸಿ ತುಪ್ಪದ ಹಾಗೆ, ಉಗುಳಲೂ ಆಗದು, ನುಂಗಲೂ ಆಗದು.

ಭಾನುವಾರ ಯೆಜ್ಡಿಯ ಮೇಲೆ ಕೂರುವುದು ಯಾಕೆ ಗೊತ್ತಾ? ಕೂತರೆ ಏನಾದರೂ ಅನಿಸೀತು ಎಂದು. ಕೆಳಗೆ ಇಳಿದು ಮತ್ತೆ ಕಾಫಿ ತಿರುವುತ್ತೇನೆ.

ಕೂಸಪ್ಪ


ಸೋಮವಾರಪೇಟೆ
24 ಜನವರಿ 2025

ಕೂಸಪ್ಪಣ್ಣ,

ನಿನ್ನ ಕಾಗದವನ್ನು ಹಣ್ಣು ಸುಲಿಯುವ ಪಲ್ಪರಿನ ಹತ್ತಿರ ನಿಂತು ಓದಿದೆ. ಮಷಿನ್ನಿನ ಶಬ್ದಕ್ಕೆ ಯಾರಿಗೂ ಏನೂ ಕೇಳುವುದಿಲ್ಲ, ಅಷ್ಟರಮಟ್ಟಿಗೆ ಅನುಕೂಲ.

ಕೀ ಇರಲಿಲ್ಲ ಅನ್ನುವ ಮಾತು ನನಗೂ ಗೊತ್ತಿತ್ತು. ಮಾದ ಮಾರ್ಚಿನಲ್ಲಿ ನನ್ನ ಕೀ ಕೊಡಲು ಬಂದಾಗ ಹೇಳಿದ. ನಾನೂ ಸುಮ್ಮನಿದ್ದೆ. ನಿನಗೆ ಗೊತ್ತಿಲ್ಲದಿದ್ದರೆ ಗೊತ್ತಾಗುವುದು ಬೇಡ ಅಂತ ಸುಮ್ಮನಿದ್ದೆ, ನೀನು ನನಗೆ ಗೊತ್ತಾಗಬಾರದು ಅಂತ ಸುಮ್ಮನಿದ್ದೆ. ಇಬ್ಬರು ಬುದ್ಧಿವಂತರು ಸೇರಿ ಒಂದು ವರ್ಷ ಕಳೆದೆವು.

ನಿಯಮ ನೀನು ಮಾಡಿದ್ದು ನಿಜ. ಕೈ ಎತ್ತಿದವರು ಮೂವರು.

ನಿನಗೆ ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಒಂದು ಮಾತ್ರ ಗೊತ್ತು, ಜೋಮು ಬಿಡುವಾಗ ಚುಚ್ಚುತ್ತದೆ. ಅದಕ್ಕೆ ಹೆದರಿ ಕೈಯನ್ನು ಹಾಗೇ ಇಟ್ಟುಕೊಳ್ಳುವುದಕ್ಕೆ ಆಗುವುದಿಲ್ಲ. ಆಶಾರಾಣಿಯವರಿಗೆ ನಾನು ಹೇಳುವುದಿಲ್ಲ, ನೀನೇ ಹೇಳಬೇಕು. ಎದುರು ನಿಂತು ಹೇಳಲು ಆಗದಿದ್ದರೆ ಬರೆ. ಇಷ್ಟು ವರ್ಷ ಹೋಗದ ಊರಿಗೆಲ್ಲಾ ಹೋದೆವು ಅಂತ ಬರೆದಿದ್ದೀಯ. ನಡೆದದ್ದನ್ನು ಒಂದು ಸಲ ಬರೆ.

ನಿನ್ನ,
ಸಣ್ಣಸ್ವಾಮಿ


ಗಾಳಿಬೀಡು
2 ಫೆಬ್ರವರಿ 2025

ಆಶಾರಾಣಿಯವರಿಗೆ, ಗಾಳಿಬೀಡಿನ ಕೂಸಪ್ಪ ಮಾಡುವ ನಮಸ್ಕಾರಗಳು.

ಈ ಲಕೋಟೆಯಲ್ಲಿ ನಿಮ್ಮ ಬುಲೆಟ್ಟಿನ ಕೀ ಇದೆ. ಸಣ್ಣಸ್ವಾಮಿಯನ್ನು ನೀವು ಮದುವೆಯಲ್ಲಿ ಕೇಳಿದಿರಂತೆ. ಅವನು ಗೊತ್ತಿಲ್ಲ ಎಂದದ್ದು ನನಗಾಗಿ. ಕೀ ನನ್ನ ಹತ್ತಿರ ಇತ್ತು.

ಯಾಕೆ ಇತ್ತು ಎಂದು ಹೇಳಬೇಕು. ಆರು ವರ್ಷದ ಹಿಂದೆ ಒಂದು ಪಿಕಿಂಗ್‌ನಲ್ಲಿ ಮೊಣ್ಣಪ್ಪ ಕಣದ ತುಂಬಾ ಕಾಫಿ ಬಿಟ್ಟು ವಯನಾಡಿನ ಕಡೆ ಗಾಡಿ ಹೊಡೆದುಕೊಂಡು ಹೋದ. ಆ ದಿನವೇ ಅಕಾಲದ ಮಳೆ ಬಂದು ಎಲ್ಲಾ ನೆನೆಯಿತು. ನೀವು ನನಗೆ ಫೋನು ಮಾಡಿ, ನಿಮ್ಮ ಗೆಳೆಯನಿಗೆ ಸ್ವಲ್ಪ ಬುದ್ಧಿ ಹೇಳಿ, ಪಿಕಿಂಗ್ ಮುಗಿಯುವ ತನಕ ಮನೆಯಲ್ಲಿ ಇರಿಸಿ ಎಂದಿರಿ. ನೀವು ಅರ್ಧ ಕೋಪದಲ್ಲಿ, ಅರ್ಧ ನಗುತ್ತಾ ಹೇಳಿದಿರಿ. ನಾನು ಅದನ್ನೇ ಹಿಡಿದು ನಿಯಮ ಮಾಡಿದೆ. ಹುತ್ತರಿಯಿಂದ ಒಬ್ಬರ ಬೈಕಿನ ಕೀ ಇನ್ನೊಬ್ಬರ ಹತ್ತಿರ. ನಮಗೆ ಅದು ದೊಡ್ಡ ತಮಾಷೆ. ನೀವು ಹೇಳಿದಿರಿ ಎಂದು ನಿಮ್ಮ ಮೇಲೆ ಹಾಕಲು ಇದನ್ನು ಬರೆಯುತ್ತಿಲ್ಲ. ಬುದ್ಧಿ ಹೇಳಿ ಎಂದಿರಿ. ಕೀ ಕಿತ್ತುಕೊಳ್ಳಿ ಎಂದು ನೀವು ಹೇಳಿರಲಿಲ್ಲ.

ಹೋದ ವರ್ಷ ಜನವರಿ ಹದಿನೇಳರಂದು ನಿಮ್ಮ ಶೆಡ್ಡಿನಲ್ಲಿ ಗಾಡಿ ಇತ್ತು, ಓಡಿಸಬಲ್ಲ ಮಾದ ಇದ್ದ, ಕೀ ನನ್ನ ಮನೆಯ ಗೋಡೆಯಲ್ಲಿತ್ತು. ಮಾದ ಹೇಳುತ್ತಿದ್ದದ್ದನ್ನು ನಾನು ಅಲ್ಲೇ ನಿಂತು ಕೇಳಿದೆ. ನಿಮ್ಮ ಮುಖ ನೋಡಲು ಧೈರ್ಯ ಬರಲಿಲ್ಲ. ಆಮೇಲೂ ಬರಲಿಲ್ಲ. ತಿಥಿಗೆ ಬಾರದಿದ್ದದ್ದಕ್ಕೆ ಹೊಟ್ಟೆನೋವು ಎಂದು ಹೇಳಿ ಕಳಿಸಿದ್ದು ಸುಳ್ಳು.

ಕ್ಷಮಿಸಿ ಎಂದು ಬರೆಯಲು ಕೂತೆ. ಆ ಪದವನ್ನು ಬರೆದು ನೋಡಿದರೆ ಬೇರೆ ಯಾರೋ ಬರೆದ ಹಾಗಿತ್ತು. ಆದ್ದರಿಂದ ನಡೆದದ್ದನ್ನು ಮಾತ್ರ ಬರೆದಿದ್ದೇನೆ. ಗಾಡಿ ಮಾರುವುದಿದ್ದರೆ ಮಾರಿ. ಕೊಳ್ಳುವವನಿಗೆ ಹಿಂದಿನ ಬ್ರೇಕು ಸ್ವಲ್ಪ ಸಡಿಲ ಎಂದು ಹೇಳಿ. ನೀವು ಉತ್ತರ ಬರೆಯಬೇಕೆಂದಿಲ್ಲ.

ಇಂತಿ,
ಕೂಸಪ್ಪ


ಚೆಟ್ಟಳ್ಳಿ
19 ಫೆಬ್ರವರಿ 2025

ಕೂಸಪ್ಪಣ್ಣನಿಗೆ ಆಶಾರಾಣಿಯ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಲೈನಿನಲ್ಲಿ ಜ್ವರ ಬಂದು ಆರು ಜನ ಮಲಗಿದರು, ಹಣ್ಣು ಗಿಡದಲ್ಲೇ ಒಣಗುತ್ತಿತ್ತು, ನಾನೂ ಕುಯ್ಯಲು ಇಳಿದೆ. ಉತ್ತರ ತಡವಾಯಿತು. ಕೋಪದಿಂದಲ್ಲ.

ಮದುವೆಯಲ್ಲಿ ನಾನು ಕೀ ಕೇಳಿದ್ದು ಗಾಡಿ ಮಾರಲಿಕ್ಕಲ್ಲ. ಕೀ ಯಾರಲ್ಲಿದೆ ಎಂದು ನನಗೆ ಗೊತ್ತಿತ್ತು, ನಿಮ್ಮ ನಿಯಮ ನನಗೆ ಬಾಯಿಪಾಠ. ನೀವು ಯಾಕೆ ಬರುತ್ತಿಲ್ಲ ಎಂದು ತಿಳಿಯಬೇಕಿತ್ತು. ಅದನ್ನು ನೇರ ಕೇಳಲು ಆಗಲಿಲ್ಲ.

ನೀವು ನಡೆದದ್ದನ್ನು ಬರೆದಿರಿ. ನಿಮಗೆ ಅರ್ಧವೇ ಗೊತ್ತು. ಉಳಿದದ್ದು ಮಾದನಿಗೂ ಗೊತ್ತಿಲ್ಲ, ನಾನು ಮಗಳಿಗೂ ಹೇಳಿಲ್ಲ.

ಕೂಸಪ್ಪಣ್ಣ, ಆ ಗಾಡಿಗೆ ಎರಡನೇ ಕೀ ಇತ್ತು. ನೀವು ನಿಯಮ ಮಾಡಿದ ವಾರವೇ ಇವರು ಮಡಿಕೇರಿಗೆ ಹೋಗಿ ಡುಪ್ಲಿಕೇಟ್ ಮಾಡಿಸಿಕೊಂಡು ಬಂದರು. ಅಡುಗೆಮನೆಯಲ್ಲಿ ಒಳ್ಳೆಮೆಣಸಿನ ಡಬ್ಬದೊಳಗೆ ಇಟ್ಟರು. ಪಿಕಿಂಗ್‌ನಲ್ಲಿ ಭಾನುವಾರ ಆಳುಗಳಿಗೆ ರಜೆ ಇದ್ದಾಗ ಸಿದ್ದಾಪುರದ ತನಕ ಹೋಗಿ, ಒಂದು ಕಾಫಿ ಕುಡಿದು ಬರುತ್ತಿದ್ದರು. ಬಂದು ಟಯರಿನ ಧೂಳು ತೊಳೆದು, ಗಾಡಿಯನ್ನು ಇದ್ದ ಹಾಗೆ ನಿಲ್ಲಿಸಿ, ಟಾರ್ಪಾಲು ಹೊದಿಸಿ, ಆಮೇಲೆ ವರಾಂಡದಲ್ಲಿ ಕೂತು ನಿಮಗೆ ಕಾಗದ ಬರೆಯುತ್ತಿದ್ದರು. ಯಾವ ಹೊಂಡ ಮುಚ್ಚಿದೆ ಎಂದು ಅಷ್ಟು ಸರಿಯಾಗಿ ಹೇಗೆ ಬರೆಯುತ್ತಿದ್ದರು ಎಂದು ಈಗ ತಿಳಿಯಿತಲ್ಲ. ನೀವು ಅವರ ಕಲ್ಪನೆಯನ್ನು ಹೊಗಳಿ ಬರೆದ ಉತ್ತರವನ್ನು ನನಗೆ ಓದಿ ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಅಧ್ಯಕ್ಷರಿಗೆ ಗೊತ್ತಾದರೆ ಸಂಘದಿಂದ ತೆಗೀತಾರೆ, ಯಾರಿಗೂ ಹೇಳ್ಬೇಡ" ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಆ ದಿನ ಇವರು ಕಣದಲ್ಲಿ ಕಾಫಿ ತಿರುವುತ್ತಿದ್ದವರು ಹಾಗೇ ಕೂತರು. ಎದೆ ಹಿಡಿದುಕೊಂಡರು. ಮಾದ ಶೆಡ್ಡಿಗೆ ಓಡಿ ವಾಪಸು ಬಂದು, ಕೀ ಇಲ್ಲ ಅಕ್ಕ, ಕೀ ಎಲ್ಲಿ ಎಂದು ಕೂಗಿದ. ನನ್ನ ಬಾಯಿಗೆ ಬಂದಿತ್ತು. ಯಾರಿಗೂ ಹೇಳಬೇಡ ಎಂದದ್ದು ನೆನಪಾಯಿತು. ಅಂಥ ಹೊತ್ತಿನಲ್ಲಿ ಅದು ಯಾಕೆ ನೆನಪಾಗಬೇಕು, ಹೇಳಿ. ನಾನು ತಡೆದದ್ದು ಎರಡು ಉಸಿರಿನಷ್ಟು ಹೊತ್ತು. ಅಷ್ಟರಲ್ಲಿ ಮಾದ ರಸ್ತೆಯ ಕಡೆ ಓಡಿಬಿಟ್ಟ. ಕೂಗಿದೆ, ಕೇಳಲಿಲ್ಲ. ಒಳಗೆ ಹೋಗಿ ಡಬ್ಬ ಸುರಿದು ಕೀ ತಂದೆ. ಕಣದಲ್ಲಿ ನಾನು ಮತ್ತು ಇಬ್ಬರು ಮುದುಕಿಯರು, ರಾಮಮ್ಮ, ಗಂಗಮ್ಮ. ಅವರು ಇವರ ತಲೆ ಹಿಡಿದುಕೊಂಡಿದ್ದರು.

ಶೆಡ್ಡಿಗೆ ಹೋದೆ. ಕೀ ಹಾಕಿದೆ. ಮೂವತ್ತು ವರ್ಷ ದಿನಾ ಬೆಳಿಗ್ಗೆ ನೋಡಿದ್ದೇನೆ. ಮೀಟರಿನ ಮುಳ್ಳು ನಡುವಿಗೆ ಬರುವ ತನಕ ಮೆಲ್ಲಗೆ ತುಳಿಯಬೇಕು, ಆಮೇಲೆ ಒಂದೇ ಸಲ ಜೋರಾಗಿ. ನಾಲ್ಕು ಸಲ ತುಳಿದೆ. ಐದನೆಯದಕ್ಕೆ ಸ್ಟಾರ್ಟ್ ಆಯಿತು. ನಾನು ಅದರ ಮೇಲೆ ಕೂತಿದ್ದೆ. ಮುಂದೆ ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ. ಕಲಿ, ಕಲಿ ಎಂದು ಎಷ್ಟೋ ಸಲ ಹೇಳಿದ್ದರು. ಪಿಕಿಂಗ್ ಮುಗಿಯಲಿ ಎಂದು ನಾನು ಪ್ರತಿ ವರ್ಷ ಹೇಳಿದ್ದೆ.

ಶಬ್ದ ಕೇಳಿ ಇವರು ಕಣದಲ್ಲಿ ಮಲಗಿದ್ದವರು ಕೈ ಎತ್ತಿದರು. ನಿಲ್ಲಿಸು ಎಂದೋ, ಹೊರಡು ಎಂದೋ, ನನಗೆ ಈಗಲೂ ತಿಳಿಯದು. ನಾನು ಗಾಡಿ ಆರಿಸಿ ಅವರ ಹತ್ತಿರ ಹೋಗಿ ಕೂತೆ.

ಡಾಕ್ಟರು ಆಮೇಲೆ, ಹತ್ತು ನಿಮಿಷದೊಳಗೆ ತಂದಿದ್ದರೆ ನೋಡಬಹುದಿತ್ತು ಎಂದರು. ಚೆಟ್ಟಳ್ಳಿಯಿಂದ ಮಡಿಕೇರಿಗೆ ಹತ್ತು ನಿಮಿಷದಲ್ಲಿ ನೀವು ಮೂವರೂ ಒಂದು ದಿನವೂ ಹೋಗಿಲ್ಲ, ಕಾಗದದ ಮೇಲೆ ಕೂಡ. ಇದನ್ನು ನಾನು ದಿನಾ ನನಗೆ ಹೇಳಿಕೊಳ್ಳುತ್ತೇನೆ. ನಂಬುವ ದಿನ ಇದೆ, ನಂಬದ ದಿನ ಇದೆ. ನೀವೂ ಹೇಳಿಕೊಳ್ಳಿ.

ವರ್ಷಪೂರ್ತಿ ನೀವು ಮೊಳೆಯಲ್ಲಿದ್ದ ಕೀ ನೋಡಿದಿರಿ, ನಾನು ಡಬ್ಬದಲ್ಲಿದ್ದ ಕೀ ನೋಡಿದೆ. ಯಾರಾದರೂ ಬಂದು ಬೈಯಲಿ ಎಂದು ನಾನು ಕಾದೆ. ಬರಬೇಕಾದವರು ನೀವೇ, ನೀವು ಬರಲಿಲ್ಲ. ಅದೊಂದಕ್ಕೆ ಮಾತ್ರ ನನಗೆ ನಿಮ್ಮ ಮೇಲೆ ಸಿಟ್ಟಿತ್ತು. ಈಗ ಇಲ್ಲ.

ನೀವು ಕಳಿಸಿದ ಕೀಯನ್ನು ಇದರೊಳಗೆ ವಾಪಸು ಇಟ್ಟಿದ್ದೇನೆ. ಡುಪ್ಲಿಕೇಟನ್ನೂ ಇಟ್ಟಿದ್ದೇನೆ, ಒಳ್ಳೆಮೆಣಸಿನ ವಾಸನೆ ಇರುವುದು ಅದು. ಈಗ ನಮ್ಮ ಮನೆಯಲ್ಲಿ ಒಂದು ಕೀಯೂ ಇಲ್ಲ. ನಿಮ್ಮ ನಿಯಮವನ್ನು ಈ ಮನೆಯಲ್ಲಿ ಸರಿಯಾಗಿ ಪಾಲಿಸಿದ್ದು ನಾನೊಬ್ಬಳೇ.

ನಮ್ಮ ಪಿಕಿಂಗ್ ಮಾರ್ಚ್ ಎಂಟರ ಸುಮಾರಿಗೆ ಮುಗಿಯುತ್ತದೆ. ಕಣ ಖಾಲಿಯಾಗಿರುತ್ತದೆ, ಜಾಗ ಬೇಕಾದಷ್ಟಿದೆ. ಸಣ್ಣಸ್ವಾಮಿಯವರನ್ನೂ ಕರೆದುಕೊಂಡು ಎರಡೂ ಕೀ ತೆಗೆದುಕೊಂಡು ಬನ್ನಿ. ಬಸ್ಸಿನಲ್ಲಿ ಬರಬೇಡಿ.

ಸ್ಟಾರ್ಟ್ ಮಾಡಲು ನನಗೆ ಬರುತ್ತದೆ. ಮುಂದಿನದು ನೀವು ಹೇಳಿಕೊಡಬೇಕು.

ಇಂತು,
ಆಶಾರಾಣಿ